ವಿದೇಶದ ಖಾಸಗಿ ಗಾಲ್ಫ್ ಮೈದಾನಕ್ಕೆ ಪ್ರವೇಶ ಪಡೆಯುವುದು ಹೇಗೆ?



ವಳಸಂಗದಂಥ ಊರಿನ ಕನ್ನಡ ಸಂಘದ ಪುಟದಲ್ಲಿ ಗಾಲ್ಫಿನ ಬಗ್ಗೆ ಲೇಖನ ಕಂಡು ಕೆಲವರು ನಗಬಹುದು. ಜತ್ತ ತಾಲೂಕಿನಲ್ಲಿ ಟ್ಯಾಂಕರ್ ದಾರಿ ಕಾಯ್ದು ಕೊಡ ತುಂಬಿಸಿಕೊಂಡವರು ನಾವು, ಹುಲ್ಲಿಗೆ ದಿನವೂ ನೀರುಣಿಸಿ ಆಡುವ ಆಟದ ಮಾತು ನಮಗೇಕೆ ಎಂದು ಕಳೆದ ಸಭೆಯಲ್ಲಿ ಹಿರಿಯರೊಬ್ಬರು ಕೇಳಿಯೇ ಬಿಟ್ಟರು. ಅವರ ಮಾತು ತಪ್ಪಲ್ಲ. ಆದರೆ ನಮ್ಮ ಸುತ್ತಲಿನ ಹಳ್ಳಿಗಳ ಮಕ್ಕಳು ಪುಣೆ, ಬೆಂಗಳೂರು ದಾಟಿ ಅಮೆರಿಕ, ಇಂಗ್ಲೆಂಡಿನಲ್ಲಿ ನೌಕರಿ ಮಾಡುತ್ತಿದ್ದಾರೆ. ಅಲ್ಲಿ ಸಾಹೇಬರ ಜೊತೆ ಗಾಲ್ಫಿಗೆ ಹೋಗುವ ಪ್ರಸಂಗ ಬರುತ್ತದೆ. ಎರಡು ವರ್ಷದಲ್ಲಿ ಇದೇ ವಿಷಯಕ್ಕೆ ನನಗೆ ನಾಲ್ಕು ಫೋನು ಬಂದವು. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ, ಒಂದೇ ಸಲ ಬರೆದು ಹಾಕುತ್ತಿದ್ದೇನೆ.

ನನ್ನನ್ನೇ ಏಕೆ ಕೇಳುತ್ತಾರೆಂದರೆ, ನಾನು ಪುಣೆಯ ಒಂದು ಕ್ಲಬ್ಬಿನ ಕಚೇರಿಯಲ್ಲಿ 31 ವರ್ಷ ಕಾರಕೂನನಾಗಿದ್ದೆ. ಗಾಲ್ಫ್ ಕೋಲನ್ನು ಒಂದು ದಿನವೂ ಬೀಸಿದವನಲ್ಲ. ಆದರೆ ಸದಸ್ಯರು ಪರದೇಶಕ್ಕೆ ಹೊರಟಾಗ ಅಲ್ಲಿಯ ಕ್ಲಬ್ಬಿಗೆ ಕೊಡುವ ಪರಿಚಯ ಪತ್ರಗಳನ್ನು ಬೆರಳಚ್ಚು ಮಾಡಿದ್ದಕ್ಕೆ ಲೆಕ್ಕವಿಲ್ಲ. ಮೊದಲು ಟೈಪ್‌ರೈಟರಿನಲ್ಲಿ ಎರಡು ಕಾರ್ಬನ್ ಪ್ರತಿಯೊಂದಿಗೆ, ಆಮೇಲೆ ಕಂಪ್ಯೂಟರಿನಲ್ಲಿ. (ಈ ಆಟದಲ್ಲಿ ಕೋಲಿಗೂ ಕ್ಲಬ್ ಎನ್ನುತ್ತಾರೆ, ಸಂಘಕ್ಕೂ ಕ್ಲಬ್ ಎನ್ನುತ್ತಾರೆ. ಹೊಸದಾಗಿ ಸೇರಿದಾಗ "ಸಾಹೇಬರ ಕ್ಲಬ್ ಕಾರಿನಲ್ಲಿದೆ, ತನ್ನಿ" ಎಂದಾಗ ನಾನು ಅರ್ಧ ತಾಸು ಗೊಂದಲಪಟ್ಟಿದ್ದೆ. ಈ ಲೇಖನದಲ್ಲಿ ಕ್ಲಬ್ ಎಂದರೆ ಸಂಘವೇ.)

ಮೊದಲು ತಿಳಿಯಬೇಕಾದದ್ದು, ಖಾಸಗಿ ಎಂಬ ಮಾತಿಗೆ ಎಲ್ಲ ಕಡೆ ಒಂದೇ ಅರ್ಥವಿಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದ ಅಗಸ್ಟಾ ನ್ಯಾಷನಲ್ ಕ್ಲಬ್ಬಿನಲ್ಲಿ, ಅಂದರೆ ಪ್ರತಿ ವರ್ಷ ಮಾಸ್ಟರ್ಸ್ ಪಂದ್ಯ ನಡೆಯುವ ಜಾಗದಲ್ಲಿ, ಸದಸ್ಯರೊಬ್ಬರು ಕರೆದುಕೊಂಡು ಹೋಗದೆ ಆಡಲಾಗದು. ಸದಸ್ಯನಾಗುತ್ತೇನೆಂದರೂ ಅರ್ಜಿ ನಮೂನೆಯೇ ಇಲ್ಲ, ಅವರೇ ಕರೆಯಬೇಕು. ಅಂಥ ಕಡೆಗೆ ನನ್ನ ಪತ್ರವೂ ನಡೆಯದು, ನಮ್ಮ ಮಂತ್ರಿಗಳ ಪತ್ರವೂ ನಡೆಯದು. ಅಲ್ಲಿ ಆಡಿಸುತ್ತೇನೆಂದು ದುಡ್ಡು ಕೇಳುವ ದಲ್ಲಾಳಿ ಸಿಕ್ಕರೆ ಫೋನು ಇಟ್ಟುಬಿಡಿ.

ಬ್ರಿಟನ್ನಿನ ಪದ್ಧತಿ ಬೇರೆ. ಅಲ್ಲಿ ಎಷ್ಟೋ ಹಳೆಯ ಖಾಸಗಿ ಕ್ಲಬ್ಬುಗಳು ವಾರದ ಕೆಲವು ದಿನ ಹೊರಗಿನವರಿಗೆ ಶುಲ್ಕ ಪಡೆದು ಜಾಗ ಕೊಡುತ್ತವೆ. ಸ್ಕಾಟ್‌ಲೆಂಡಿನ ಮ್ಯೂರ್‌ಫೀಲ್ಡ್ ಮೈದಾನದ ಕ್ಲಬ್ 1744ರದು, ಬಹಳ ಬಿಗಿಯಾದದ್ದೆಂದು ಹೆಸರಾದದ್ದು. ಅಲ್ಲಿಯೂ ಮಂಗಳವಾರ, ಗುರುವಾರ ಅತಿಥಿಗಳಿಗೆ ಅವಕಾಶವುಂಟು. ಬಹಳ ತಿಂಗಳು ಮೊದಲೇ ಕಾಯ್ದಿರಿಸಬೇಕು, ಹ್ಯಾಂಡಿಕ್ಯಾಪ್ ತೋರಿಸಬೇಕು. ಅಷ್ಟು ಮಾಡಿದರೆ ಯಾರ ಪರಿಚಯವೂ ಬೇಕಿಲ್ಲ. ನಮ್ಮವರು ಇದನ್ನು ವಿಚಾರಿಸದೆ ಮಧ್ಯವರ್ತಿಗೆ ದುಪ್ಪಟ್ಟು ಕೊಟ್ಟು ಬರುವುದನ್ನು ಕಂಡಿದ್ದೇನೆ. ಆಯಾ ಕ್ಲಬ್ಬಿನ ಪುಟದಲ್ಲಿ ಅತಿಥಿಗಳ ದಿನ, ಶುಲ್ಕ, ಉಡುಪು ಎಲ್ಲ ಬರೆದಿರುತ್ತದೆ. ಮೊದಲು ಅದನ್ನು ಓದಿ.

ಇನ್ನು ಮೂರನೆಯ ದಾರಿ ನನ್ನ ಕಸುಬಿನದು. ಬೆಂಗಳೂರು ಗಾಲ್ಫ್ ಕ್ಲಬ್ (1876ರಲ್ಲಿ ಶುರುವಾದದ್ದು), ಕರ್ನಾಟಕ ಗಾಲ್ಫ್ ಅಸೋಸಿಯೇಷನ್, ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಇಂಥ ಕಡೆ ನೀವೋ ನಿಮ್ಮ ಬಂಧುಗಳೋ ಸದಸ್ಯರಾಗಿದ್ದರೆ ಮೊದಲು ನಿಮ್ಮ ಕ್ಲಬ್ಬಿನ ಕಚೇರಿಗೆ ಹೋಗಿ. ದೊಡ್ಡ ಕ್ಲಬ್ಬುಗಳು ಹೊರಗಿನ ಕ್ಲಬ್ಬುಗಳೊಂದಿಗೆ ಪರಸ್ಪರ ಒಪ್ಪಂದ ಮಾಡಿಕೊಂಡಿರುತ್ತವೆ: ನಿಮ್ಮವರು ಬಂದರೆ ನಾವು ನೋಡಿಕೊಳ್ಳುತ್ತೇವೆ, ನಮ್ಮವರು ಬಂದರೆ ನೀವು ನೋಡಿಕೊಳ್ಳಿ. ಬೀಗರ ಊರಿಗೆ ಹೋದಂತೆ. ಕಚೇರಿಯಲ್ಲಿ ಆ ಪಟ್ಟಿ ಕೇಳಿ. ಒಂದು ಎಚ್ಚರಿಕೆಯೆಂದರೆ, ಕೆಲವು ಒಪ್ಪಂದಗಳು ಊಟ, ವಸತಿಗೆ ಮಾತ್ರ ಇರುತ್ತವೆ, ಮೈದಾನಕ್ಕೆ ಇರುವುದಿಲ್ಲ. ಪಟ್ಟಿಯಲ್ಲಿ ಹೆಸರಿದೆಯೆಂದು ಕೋಲು ಹೊತ್ತುಕೊಂಡು ಹೋಗಬೇಡಿ.

ಪತ್ರದಲ್ಲಿ ಏನಿರಬೇಕು? ಸದಸ್ಯರ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಇರಬೇಕು. ಸದಸ್ಯತ್ವದ ಸಂಖ್ಯೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಹೋಗುತ್ತಾರೆ, ಜೊತೆಗೆ ಯಾರು ಬರುತ್ತಾರೆ, ಹ್ಯಾಂಡಿಕ್ಯಾಪ್ ಎಷ್ಟು, ಮತ್ತು ಮುಖ್ಯವಾಗಿ ಇವರ ಬಾಕಿ ಏನೂ ಇಲ್ಲ, ಇವರು ಕ್ರಮಬದ್ಧ ಸದಸ್ಯರು ಎಂಬ ಒಂದು ವಾಕ್ಯ. ಕೆಳಗೆ ಕಾರ್ಯದರ್ಶಿಯ ಸಹಿ. ಪತ್ರ ನಿಮ್ಮ ಕಿಸೆಯಲ್ಲಿದ್ದರಷ್ಟೇ ಸಾಲದು, ನಿಮ್ಮ ಕ್ಲಬ್ಬಿನಿಂದ ಆ ಕ್ಲಬ್ಬಿಗೆ ಇಮೇಲ್ ಹೋಗಿರಬೇಕು, ಅಲ್ಲಿಂದ ಉತ್ತರ ಬಂದಿರಬೇಕು. ಒಮ್ಮೆ ನಾನೇ ಒಬ್ಬ ಸದಸ್ಯರ ಪತ್ರದಲ್ಲಿ ತಿಂಗಳು ತಪ್ಪು ಬರೆದೆ, ಜೂನ್ ಬದಲು ಜುಲೈ. ಆ ಮನುಷ್ಯ ಹೆಂಡತಿಯೊಂದಿಗೆ ಅಲ್ಲಿಯ ಗೇಟಿನಲ್ಲಿ ನಿಂತು ನನಗೆ ಫೋನು ಮಾಡಿದಾಗ ನಮ್ಮಲ್ಲಿ ರಾತ್ರಿ ಹನ್ನೊಂದು. ಕಚೇರಿಗೆ ಬೀಗ, ಸಹಿ ಮಾಡುವವರು ಮಲಗಿದ್ದರು. ಅವರು ಆಡದೆ ಹಿಂತಿರುಗಿದರು. ಅಂದಿನಿಂದ ತಾರೀಖನ್ನು ಅಂಕಿಯಲ್ಲಿ ಮಾತ್ರ ಬರೆಯದೆ ಅಕ್ಷರದಲ್ಲಿಯೂ ಬರೆಯುವ ರೂಢಿ ಮಾಡಿಕೊಂಡೆ. ಅಮೆರಿಕದಲ್ಲಿ ತಿಂಗಳನ್ನು ಮೊದಲು ಬರೆಯುತ್ತಾರೆ, 5-6 ಎಂದರೆ ಅವರಿಗೆ ಮೇ 6.

ಹಾಗೆ ನೋಡಿದರೆ ಕಾಗದ ತೋರಿಸಿ ಬಾಗಿಲು ತೆರೆಸುವುದು ನಮ್ಮ ಭಾಗದವರಿಗೆ ಹೊಸದಲ್ಲ. ಗಡಿನಾಡ ಕನ್ನಡಿಗರೆಂದು ದಾಖಲೆ ಜೋಡಿಸಿ ಮಕ್ಕಳ ಸೀಟಿಗಾಗಿ ಕರ್ನಾಟಕಕ್ಕೆ ಅಲೆದ ತಂದೆತಾಯಿಗೆ, ಒಂದು ಶಿಕ್ಕಾ ಇಲ್ಲದಿದ್ದರೆ ಏನಾಗುತ್ತದೆಂದು ನಾನು ಹೇಳಬೇಕಿಲ್ಲ.

ಅಮೆರಿಕಕ್ಕೆ ಹೋಗುವವರಿಗೆ ಎರಡು ಮಾತು. ಅಲ್ಲಿಯ ಖಾಸಗಿ ಕ್ಲಬ್ಬಿನಲ್ಲಿ ನಿಮ್ಮ ಆತಿಥೇಯ ಸದಸ್ಯನ ಖಾತೆಗೇ ಖರ್ಚು ಬೀಳುತ್ತದೆ, ಕೌಂಟರಿನಲ್ಲಿ ನೋಟು ತೆಗೆದು ಅವರನ್ನು ಮುಜುಗರಕ್ಕೆ ಹಾಕಬೇಡಿ. ಆಮೇಲೆ ಸದ್ದಿಲ್ಲದೆ ಲೆಕ್ಕ ಮುಗಿಸಿ. ಕ್ಯಾಡಿಗೆ ಮಾತ್ರ ಅಲ್ಲೇ, ನಗದು, ಕೈ ಬಿಚ್ಚಿ ಕೊಡಿ. ಪರಿಚಯದವರು ಯಾರೂ ಇಲ್ಲದಿದ್ದರೆ ನಿಮ್ಮ ಕ್ಲಬ್ಬಿನ ಗಾಲ್ಫ್ ತರಬೇತುದಾರರಿಂದ ಅಲ್ಲಿಯ ತರಬೇತುದಾರರಿಗೆ ಒಂದು ಪತ್ರ ಹಾಕಿಸಿ ನೋಡಿ, ಕಾರ್ಯದರ್ಶಿಗಿಂತ ಈ ದಾರಿ ಎಷ್ಟೋ ಸಲ ಬೇಗ ಕೆಲಸ ಮಾಡುತ್ತದೆ. ಮತ್ತು ಎಲ್ಲ ದೊಡ್ಡ ಮೈದಾನವೂ ಖಾಸಗಿಯಲ್ಲ. ನ್ಯೂಯಾರ್ಕಿನ ಬೆತ್‌ಪೇಜ್ ಬ್ಲ್ಯಾಕ್ ಸರಕಾರಿ ಉದ್ಯಾನದೊಳಗಿನದು. 2002ರಲ್ಲಿ, 2009ರಲ್ಲಿ ಯು.ಎಸ್. ಓಪನ್ ಅಲ್ಲೇ ನಡೆಯಿತು. ಯಾರು ಬೇಕಾದರೂ ಆಡಬಹುದು, ಜಾಗಕ್ಕಾಗಿ ಕಾರಿನಲ್ಲೇ ರಾತ್ರಿ ಮಲಗಿ ಕಾಯುವವರೂ ಇದ್ದಾರೆ.

ಹೆಣ್ಣುಮಕ್ಕಳು ಆಡುವುದಾದರೆ ಪತ್ರದಲ್ಲಿ ಅದನ್ನು ಸ್ಪಷ್ಟ ಬರೆಯಿಸಿ. ಈಗ ಬಹಳ ಬದಲಾಗಿದೆ, ಆದರೆ ಬದಲಾದದ್ದು ಇತ್ತೀಚೆಗೆ. ಅಗಸ್ಟಾದವರು ಮೊದಲ ಸಲ ಮಹಿಳೆಯರನ್ನು ಸದಸ್ಯರಾಗಿ ಸೇರಿಸಿಕೊಂಡದ್ದು 2012ರಲ್ಲಿ. ಮ್ಯೂರ್‌ಫೀಲ್ಡಿನವರು ಒಪ್ಪಿದ್ದು 2017ರಲ್ಲಿ. ಜಪಾನಿನ ಕಸುಮಿಗಸೇಕಿ ಕ್ಲಬ್ಬಿನಲ್ಲಿ ಮಹಿಳೆಯರಿಗೆ ಪೂರ್ಣ ಸದಸ್ಯತ್ವವೂ ಇರಲಿಲ್ಲ, ಭಾನುವಾರದ ಆಟವೂ ಇರಲಿಲ್ಲ. ಒಲಿಂಪಿಕ್ಸ್ ಅಲ್ಲಿ ನಡೆಯಬೇಕಾಗಿ ಬಂದು, ಒತ್ತಡ ಹೆಚ್ಚಿ 2017ರಲ್ಲಿ ನಿಯಮ ಬದಲಿಸಿದರು. ನಾಲ್ಕು ವರ್ಷದ ನಂತರ ಅದೇ ಹುಲ್ಲಿನ ಮೇಲೆ ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್, ತಾಯಿಯೇ ಬ್ಯಾಗು ಹೊತ್ತು ಜೊತೆಗೆ ನಡೆದಾಗ, ನಾಲ್ಕನೆಯ ಸ್ಥಾನಕ್ಕೆ ಬಂದಳು. ಪದಕ ಒಂದೇ ಹೊಡೆತದಲ್ಲಿ ತಪ್ಪಿತು. ಆ ದಿನ ಗಾಲ್ಫ್ ಗೊತ್ತಿಲ್ಲದ ನನ್ನ ಹೆಂಡತಿಯೂ ಟಿ.ವಿ. ಮುಂದಿನಿಂದ ಏಳಲಿಲ್ಲ.

ಇನ್ನು ಹ್ಯಾಂಡಿಕ್ಯಾಪ್. ಪತ್ರಕ್ಕಿಂತ ಈಗ ಇದೇ ದೊಡ್ಡ ಕೀಲಿಕೈ. ಒಬ್ಬ ಆಟಗಾರನ ಮಟ್ಟವನ್ನು ತೋರಿಸುವ ಅಂಕಿ ಇದು, ಕಡಿಮೆಯಿದ್ದಷ್ಟೂ ಆಟ ಒಳ್ಳೆಯದು. 2020ರಿಂದ ಜಗತ್ತಿಗೆಲ್ಲ ಒಂದೇ ಲೆಕ್ಕದ ಪದ್ಧತಿ ಬಂದಿದೆ, ಗರಿಷ್ಠ 54. ಸಾಮಾನ್ಯವಾಗಿ ಕ್ಲಬ್ಬಿನ ಮೂಲಕ ಸಿಗುತ್ತದೆ. 54 ಹೋಲ್ ಆಡಿದ ಕಾರ್ಡುಗಳನ್ನು, ಅಂದರೆ 18ರ ಮೂರು ಸುತ್ತಿನದನ್ನು, ಜೊತೆಗಾರರ ಸಹಿಯೊಂದಿಗೆ ಒಪ್ಪಿಸಿದರೆ ಅಂಕಿ ಬರುತ್ತದೆ. ಹೊರಡುವ ಹಿಂದಿನ ವಾರ ಓಡಾಡಿದರೆ ಆಗುವ ಕೆಲಸವಲ್ಲ.

ಇದು ಎಷ್ಟು ಮುಖ್ಯವೆಂದು ನನಗೆ ಗೊತ್ತಾದದ್ದು ನಮ್ಮೂರಿನವರೇ ಒಬ್ಬರಿಂದ. 1972ರ ಬರಗಾಲದಲ್ಲಿ ಊರು ಬಿಟ್ಟು ಪುಣೆಗೆ ಹೋದ ಹದಿನಾಲ್ಕರ ಹುಡುಗ ಅವರು. ಮೊದಲು ಚೆಂಡು ಹುಡುಕಿ ಕೊಡುವ ಕೆಲಸ, ಆಮೇಲೆ ಕ್ಯಾಡಿ. ನಲವತ್ತು ವರ್ಷಕ್ಕೂ ಮೇಲೆ ಮಂದಿಯ ಬ್ಯಾಗು ಹೊತ್ತರು. ಕ್ಲಬ್ಬಿನಲ್ಲಿ ಕಾರಕೂನನ ಜಾಗ ಖಾಲಿಯಿದೆ ಎಂದು ಊರಿಗೆ ಬಂದು ನನ್ನ ತಂದೆಗೆ ಹೇಳಿದವರೂ ಅವರೇ. ಸೋಮವಾರ ಮೈದಾನ ಸದಸ್ಯರಿಗೆ ಬಂದ್, ಆ ದಿನ ಕ್ಯಾಡಿಗಳು ಆಡುತ್ತಿದ್ದರು. ಇವರ ಆಟವನ್ನು ಸದಸ್ಯರೇ ನಿಂತು ನೋಡಿದ್ದುಂಟು.

ಅವರ ಮಗ ಈಗ ಸ್ಕಾಟ್‌ಲೆಂಡಿನ ಡಂಡೀ ಊರಿನಲ್ಲಿದ್ದಾನೆ. ಗಾಲ್ಫಿನ ತವರು ಸೇಂಟ್ ಆಂಡ್ರೂಸ್ ಅಲ್ಲಿಂದ ಅರ್ಧ ತಾಸಿನ ದಾರಿ. ಹೋದ ವರ್ಷ ಫೋನು ಮಾಡಿದ: "ಕಾಕಾ, ಅಪ್ಪಾರನ್ನ ಕರಸ್ಕೊಳ್ಳಾಕತ್ತೀನಿ. ಓಲ್ಡ್ ಕೋರ್ಸಿನಾಗ ಒಮ್ಮೆ ಆಡಸಬೇಕು. ನೀವು ಒಂದು ಪತ್ರ ಕೊಡಸ್ರಿ." ನಾನು ನನ್ನ ಹಳೆಯ ಕಚೇರಿಗೆ ಹೋಗಿ ಕೇಳಿದೆ. ಅಲ್ಲಿ ಈಗಿರುವ ಹುಡುಗ ಮರ್ಯಾದೆಯಿಂದಲೇ ಹೇಳಿದ, ಪತ್ರವೂ ಹ್ಯಾಂಡಿಕ್ಯಾಪ್ ಪ್ರಮಾಣವೂ ಸದಸ್ಯರಿಗೆ ಮಾತ್ರ. ನಿಯಮ ನನಗೆ ಗೊತ್ತಿದ್ದದ್ದೇ, 31 ವರ್ಷ ನಾನೇ ಅದನ್ನು ಹೇಳಿ ಮಂದಿಯನ್ನು ಕಳಿಸಿದ್ದೆ. ಹೊರಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕೂತೆ.

ಊರಿಗೆ ಬಂದು ನಿಯಮಗಳನ್ನು ಓದಿದಾಗ ತಿಳಿಯಿತು, ನಾವು ಪತ್ರದ ಹಿಂದೆ ಬಿದ್ದದ್ದೇ ತಪ್ಪು. ಓಲ್ಡ್ ಕೋರ್ಸ್ ಖಾಸಗಿಯಲ್ಲ! ಪಕ್ಕದ ಕಲ್ಲಿನ ಕಟ್ಟಡ ಮಾತ್ರ 1754ರ ರಾಯಲ್ ಆ್ಯಂಡ್ ಏನ್ಷಿಯಂಟ್ ಕ್ಲಬ್ಬಿನದು, ಸದಸ್ಯರಿಗೆ ಮೀಸಲು. ಮೈದಾನ ಊರಿನದು, ಒಂದು ಟ್ರಸ್ಟ್ ನಡೆಸುತ್ತದೆ. ಅಲ್ಲಿ ಚೀಟಿ ಎತ್ತುವ ಪದ್ಧತಿ ಇದೆ. ಆಡುವ ದಿನಕ್ಕೆ ಎರಡು ದಿನ ಮೊದಲು ಮಧ್ಯಾಹ್ನ 2 ಗಂಟೆಯೊಳಗೆ ಹೆಸರು ಕೊಡಬೇಕು, ಕಡಿಮೆಯೆಂದರೆ ಇಬ್ಬರು, ಹೆಚ್ಚೆಂದರೆ ನಾಲ್ವರು. ಒಬ್ಬರೇ ಇದ್ದರೆ ಹಿಂದಿನ ದಿನ ಖುದ್ದಾಗಿ ಹೋಗಿ ಹೆಸರು ಬರೆಸಬೇಕು. ಶುಲ್ಕ ಬೇಸಿಗೆಯಲ್ಲಿ 300 ಪೌಂಡಿಗೂ ಮೇಲೆ. ಹ್ಯಾಂಡಿಕ್ಯಾಪ್ 36ರ ಒಳಗಿದೆ ಎಂದು ತೋರಿಸಬೇಕು. ಮತ್ತೆ ಅದೇ ಕಾಗದ. ನಲವತ್ತು ವರ್ಷ ಆಡಿದವರ ಹೆಸರಿನಲ್ಲಿ ಒಂದು ಅಂಕಿ ಇಲ್ಲ.

ಆದರೆ ಅದೇ ಟ್ರಸ್ಟಿನ ಕೈಯಲ್ಲಿ ಅಲ್ಲಿ ಒಟ್ಟು ಏಳು ಮೈದಾನಗಳಿವೆ, ಉಳಿದ ಆರಕ್ಕೆ ಹ್ಯಾಂಡಿಕ್ಯಾಪ್ ಕೇಳುವುದಿಲ್ಲ. ಓಲ್ಡ್ ಕೋರ್ಸಿಗೆ ತಾಗಿಕೊಂಡೇ ಇರುವುದು ನ್ಯೂ ಕೋರ್ಸ್. ಹೆಸರು ಹೊಸದಾದರೂ 1895ರದು. ಮಗ ಆನ್‌ಲೈನಿನಲ್ಲಿ ಜಾಗ ಕಾಯ್ದಿರಿಸಿದ, ಅದೂ ಅಗ್ಗವಲ್ಲ, 100 ಪೌಂಡು ದಾಟುತ್ತದೆ. ಬಾಡಿಗೆ ಕೋಲಿನಲ್ಲಿ, ಸಮುದ್ರದ ಗಾಳಿಯಲ್ಲಿ ಅವರು 84 ಹೊಡೆತದಲ್ಲಿ ಮುಗಿಸಿದರು. ಕ್ಯಾಡಿ ಬೇಕೇ ಎಂದು ಕೇಳಿದ್ದಕ್ಕೆ ಬೇಡವೆಂದು ಬ್ಯಾಗನ್ನು ತಾವೇ ಹೊತ್ತರಂತೆ.

ಭಾನುವಾರ ಓಲ್ಡ್ ಕೋರ್ಸಿನಲ್ಲಿ ಆಟ ಇರುವುದಿಲ್ಲ, ಊರ ಮಂದಿ ನಾಯಿ ಹಿಡಿದುಕೊಂಡು ತಿರುಗಾಡುತ್ತಾರೆ. ಟಿಕೇಟಿಲ್ಲ, ಪತ್ರವಿಲ್ಲ. ತಂದೆ ಮಗ ಇಬ್ಬರೂ ಹೋದರು. ಮಗ ಕಳಿಸಿದ ಫೋಟೋ ನನ್ನ ಫೋನಿನಲ್ಲಿದೆ: ಎಲ್ಲರೂ ಹಳೆಯ ಕಲ್ಲುಸೇತುವೆಯ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರೆ ಇವರು 18ನೇ ಗ್ರೀನಿನ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ನೆಲದ ಇಳಿಜಾರು ನೋಡುತ್ತಿದ್ದಾರೆ. ಆ ಸಂಜೆ ನನಗೆ ಫೋನು ಬಂತು. "ತಮ್ಮಾ, ನೋಡಾಕ ಸಪಾಟ ಕಾಣತೈತಿ, ಆದ್ರ ಚೆಂಡು ಎಡಕ್ಕ ಹೋಗತೈತಿ ನೋಡು," ಎಂದರು. ನಾನು ಹೂಂ ಅಂದೆ. ನನಗೇನು ಗೊತ್ತು.

ಈಗ ಮಗ ಅಲ್ಲಿಯ ಒಂದು ಸಣ್ಣ ಕ್ಲಬ್ಬಿಗೆ ಸೇರಿ ತಾನೂ ಆಟ ಕಲಿಯುತ್ತಿದ್ದಾನೆ. ಮುಂದಿನ ಸಲ ತಂದೆಯನ್ನೂ ಅಲ್ಲಿಗೇ ಸೇರಿಸಿ, ಬಂದ ಮೊದಲ ವಾರವೇ ಮೂರು ಸುತ್ತಿನ ಕಾರ್ಡು ಒಪ್ಪಿಸಿ, ಅಂಕಿ ಬಂದ ಮೇಲೆ ಚೀಟಿಗೆ ಇಬ್ಬರ ಹೆಸರೂ ಕೊಡುವುದೆಂದು ಮಾತಾಗಿದೆ. ಭಾನುವಾರ ಬಿಟ್ಟು ದಿನವೂ ಪ್ರಯತ್ನ ಮಾಡಬಹುದು, ಒಂದು ದಿನ ಏಳದಿದ್ದರೆ ಇನ್ನೊಂದು ದಿನ ಏಳುತ್ತದೆ. ಮೇ ತಿಂಗಳಿಗೆ ಹೊರಡುತ್ತಾರೆ, ವೀಸಾ ಅರ್ಜಿ ತುಂಬುವ ಕೆಲಸ ನನ್ನದು.

ಪರಿಚಯ ಪತ್ರದ ನಮೂನೆ, ಕ್ಲಬ್ಬಿಗೆ ಬರೆಯುವ ಇಮೇಲಿನ ಒಕ್ಕಣೆ ಎರಡನ್ನೂ ಸಂಘದ ಕಚೇರಿಯಲ್ಲಿ ಇಟ್ಟಿದ್ದೇನೆ. ಬೇಕಾದವರು ಭಾನುವಾರ ಬೆಳಿಗ್ಗೆ 10ರಿಂದ 12ರೊಳಗೆ ಬರಬೇಕು. ಬರುವಾಗ ಪಾಸ್‌ಪೋರ್ಟಿನ ಝೆರಾಕ್ಸ್ ತನ್ನಿ, ಹೆಸರಿನ ಅಕ್ಷರ ನೋಡಿಯೇ ಬರೆಯುತ್ತೇನೆ.

ಇಂತಿ,
ಕಾರ್ಯದರ್ಶಿ