ಬಸ್ಸಿನಲ್ಲಿ ನಗುವವರು ಸುಮ್ಮನಾದರೆ

ಶಾಲೆ ಬಿಟ್ಟ ಹೊತ್ತಿಗೆ ಪಾಂಡವಪುರದಿಂದಲೋ ನಾಗಮಂಗಲದಿಂದಲೋ ಹಳ್ಳಿ ಕಡೆ ಹೊರಡುವ ಬಸ್ಸು ಹತ್ತಿ ನೋಡಿ. ಹಿಂದಿನ ಸೀಟಿನ ಹುಡುಗರು ಒಬ್ಬನ ಬ್ಯಾಗು ಕಿತ್ತುಕೊಂಡು ಕೈಯಿಂದ ಕೈಗೆ ದಾಟಿಸುತ್ತಿರುತ್ತಾರೆ. ಅವನ ಮೈಬಣ್ಣಕ್ಕೋ, ತೊದಲು ಮಾತಿಗೋ, ಅಪ್ಪನ ಕಸುಬಿಗೋ ಒಂದು ಅಡ್ಡಹೆಸರು ಅಂಟಿರುತ್ತದೆ. ಬಸ್ಸೆಲ್ಲ ನಗುತ್ತದೆ. ಅವನೂ ನಗುತ್ತಾನೆ, ಅತ್ತರೆ ಕಾಟ ಇನ್ನೂ ಹೆಚ್ಚುತ್ತದೆಂದು ಅವನಿಗೆ ಗೊತ್ತು. ಯಾರಾದರೂ ಗದರಿದರೆ ಉತ್ತರ ಸಿದ್ಧವಿದೆ: ‘ತಮಾಸೆಗೆ ಕಣಣ್ಣ.’

ಮಿದುಳಿಗೆ ಅದು ತಮಾಷೆಯಲ್ಲ. 2003ರಲ್ಲಿ ಅಮೆರಿಕದ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಚೆಂಡಾಟವೊಂದನ್ನು ಆಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬರಿಗೆ ಮಾತ್ರ ಚೆಂಡು ಬರುವುದು ನಿಂತುಹೋಗುತ್ತಿತ್ತು. ಅಷ್ಟಕ್ಕೇ, ಮೈಗೆ ಪೆಟ್ಟಾದಾಗ ಸಂಕಟಪಡುವ ಮಿದುಳಿನ ಭಾಗವೊಂದು ಚುರುಕಾದದ್ದು ಸ್ಕ್ಯಾನಿನಲ್ಲಿ ಕಂಡಿತು. ಮುಖ ಕಾಣದವರು ಆಟದಿಂದ ಹೊರಗಿಟ್ಟರೇ ಹೀಗೆ. ದಿನಾ ಎದುರು ಕೂರುವ ಗೆಳೆಯರೇ ಹಂಗಿಸಿದರೆ? ಹದಿಹರೆಯದಲ್ಲಿ ಭಾವನೆಗಳ ರಭಸ ಬೇಗ ಬರುತ್ತದೆ. ಅದಕ್ಕೆ ಲಗಾಮು ಹಾಕುವ ಮಿದುಳಿನ ಮುಂಭಾಗ ಬಲಿಯಲು ಸುಮಾರು 25 ವರ್ಷ ಬೇಕು. ಲಗಾಮಿಲ್ಲದ ಆ ನೋವು ಕೆಲವೊಮ್ಮೆ ಸಾವಿನ ಯೋಚನೆಗೂ ತಿರುಗುತ್ತದೆ. ಆತ್ಮಹತ್ಯೆಗೆ ಎಂದೂ ಒಂದೇ ಕಾರಣ ಇರುವುದಿಲ್ಲ ನಿಜ. ಆದರೆ ಕಿರುಕುಳ ಉಂಡ ಮಕ್ಕಳಲ್ಲಿ ಸಾಯುವ ಯೋಚನೆ ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಕಿರುಕುಳ ಕೊಡುವ ಮಕ್ಕಳೂ ಸುರಕ್ಷಿತರಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಕೆನಡಾದ ಒಂದು ಅಧ್ಯಯನ. ಟೊರಾಂಟೊದ ಶಾಲಾ ಮೈದಾನಗಳಲ್ಲಿ ಕ್ಯಾಮೆರಾ ಇಟ್ಟು ಮಕ್ಕಳ ಆಟ ಚಿತ್ರಿಸಿದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಲೆಕ್ಕ ಇದು. ಕಿರುಕುಳದ 100 ಪ್ರಸಂಗಗಳಲ್ಲಿ 88ರಲ್ಲಿ ಸುತ್ತ ಬೇರೆ ಮಕ್ಕಳಿದ್ದರು. ಅವರು ಬಾಯಿಬಿಟ್ಟದ್ದು 19ರಲ್ಲಿ ಮಾತ್ರ. ಆದರೆ ಹಾಗೆ ತಡೆದಾಗ, ಅರ್ಧಕ್ಕಿಂತ ಹೆಚ್ಚು ಸಲ 10 ಸೆಕೆಂಡಿನೊಳಗೆ ಕಿರುಕುಳ ನಿಂತಿತ್ತು. ‘ಸುಮ್ನಿರ್ಲಾ, ಬ್ಯಾಗ್ ಕೊಡ್ಲಾ’ ಅನ್ನಲು ಅಷ್ಟು ಹೊತ್ತೂ ಬೇಡ. ಫಿನ್ಲೆಂಡಿನ ಶಾಲೆಗಳ ‘ಕಿವಾ’ ಕಾರ್ಯಕ್ರಮ ಇದೇ ತಿಳಿವಿನ ಮೇಲೆ ನಿಂತಿದೆ: ಪುಂಡನನ್ನು ತಿದ್ದುವುದರ ಜೊತೆಗೆ ನೋಡುವವರಿಗೂ ಪಾಠ ಹೇಳುವುದು.

ಈ ಮಾತು ಮಕ್ಕಳಿಗಷ್ಟೇ ಅಲ್ಲ. 2015ರಲ್ಲಿ ಕಬ್ಬಿನ ಬಾಕಿ ಹಣ ಕೈಸೇರದ ಹೊತ್ತಿನಲ್ಲಿ ಮಂಡ್ಯ ಜಿಲ್ಲೆ ಒಬ್ಬರ ಹಿಂದೊಬ್ಬರಂತೆ ರೈತರನ್ನು ಕಳೆದುಕೊಂಡಿತು. ಸಾಲದ ಲೆಕ್ಕ ಪತ್ರಿಕೆಗಳಲ್ಲಿ ಬಂತು. ಮನೆ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಬೈಯುವ ಸಾಲ ಕೊಟ್ಟವನ ಮಾತಿಗೆ ಲೆಕ್ಕವಿಲ್ಲ. ‘ಊರಲ್ಲಿ ತಲೆ ಎತ್ತಿ ತಿರುಗೋದು ಹೆಂಗೆ’ ಎನ್ನುವ ರೈತನಿಗೂ ಬಸ್ಸಿನ ಆ ಹುಡುಗನಿಗೂ ಚುಚ್ಚುವುದು ಒಂದೇ, ನೋಡುವವರ ಕಣ್ಣು.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಮನೋವೈದ್ಯರು ಕೂಗಳತೆಯಲ್ಲಿ ಸಿಗುವುದಿಲ್ಲ. ಆದರೆ ಎರಡು ಹೊತ್ತೂ ಡೇರಿಗೆ ಹಾಲು ಹಾಕುವವರು ಎರಡು ದಿನ ಬರದಿದ್ದರೆ ಕಾರ್ಯದರ್ಶಿಗೆ ತಿಳಿಯುತ್ತದೆ. ಬಸ್ಸು ಬಿಟ್ಟು ನಡೆದೇ ಹೋಗುತ್ತೇನೆನ್ನುವ, ಶಾಲೆಯಿದ್ದ ದಿನವೇ ಹೊಟ್ಟೆನೋವೆನ್ನುವ ಮಗುವನ್ನು ಅಜ್ಜಿ ಗಮನಿಸುತ್ತಾಳೆ. ಮಂಡ್ಯ ಜಿಲ್ಲೆಯ ಪಕ್ಕದ ಚನ್ನಪಟ್ಟಣ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನ ಆತ್ಮಹತ್ಯೆ ತಡೆಯುವ ‘ಸುರಕ್ಷಾ’ ಯೋಜನೆ ಇಂಥ ಊರಿನ ಜನರನ್ನೇ ನೆಚ್ಚಿಕೊಂಡಿದೆ.

‘ನಾನಿಲ್ದಿದ್ರೆ ನಿಮ್ಗೆಲ್ಲ ನೆಮ್ದಿ’ ಎಂಬ ಮಾತು ಕಿವಿಗೆ ಬಿದ್ದರೆ ಪಕ್ಕ ಕುಳಿತು ನೇರವಾಗಿ ಕೇಳಬೇಕು: ‘ಸಾಯಬೇಕು ಅನ್ನಿಸ್ತಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂಬುದು ಬರಿಯ ಭಯ. ಸಂಶೋಧನೆಗಳು ಅದನ್ನು ಒಪ್ಪುವುದಿಲ್ಲ. ಹೇಳಿಕೊಂಡ ಜೀವ ಹಗುರಾಗುತ್ತದೆ. ಬುದ್ಧಿವಾದ ಆಮೇಲೆ ಇರಲಿ. ಸಾಯಬೇಕೆಂಬ ತೀವ್ರ ಒತ್ತಡ ಬಹಳ ಸಲ ಕೆಲವು ನಿಮಿಷ, ಕೆಲವು ಗಂಟೆಗಳದ್ದು. ಆ ಹೊತ್ತು ದಾಟುವವರೆಗೆ ಜೊತೆಗಿರುವುದೇ ದೊಡ್ಡ ಚಿಕಿತ್ಸೆ. ಹೊಲಕ್ಕೆ ತಂದ ಔಷಧಿಯನ್ನು ಬೀಗ ಹಾಕಿಡುವುದೂ ಅಷ್ಟೇ ಮುಖ್ಯ. ವಿಷ ಸುಲಭವಾಗಿ ಕೈಗೆ ಸಿಗದಂತೆ ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. 1995ರಿಂದ 2015ರ ನಡುವೆ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು 70% ಇಳಿಯಿತು.

‘ಆಸ್ಪತ್ರೆಗೆ ಹೋದರೆ ಕೇಸಾಗುತ್ತೆ’ ಎಂದು ಬಚ್ಚಿಡುವ ಮನೆಗಳು ಇನ್ನೂ ಇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಬೇರೆ ರೀತಿ ಸಾಬೀತಾಗದ ಹೊರತು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ. ಹಾಗಾಗಿ ಅಂಜದೆ ಆಸ್ಪತ್ರೆಗೆ ಕರೆದೊಯ್ಯಿರಿ.

2022ರ ಅಕ್ಟೋಬರ್ 10ರಂದು ಶುರುವಾದ ಟೆಲಿಮಾನಸ್ ಸಹಾಯವಾಣಿ ಹಗಲು ರಾತ್ರಿ ತೆರೆದಿರುತ್ತದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಡ. ಸಂಖ್ಯೆ 14416. ಮಕ್ಕಳಿಗಾದರೆ 1098. ಡೇರಿಯ ಗೋಡೆಯ ಮೇಲೆ, ಶಾಲೆಯ ಬೋರ್ಡಿನ ಮೂಲೆಯಲ್ಲಿ ಈ ಎರಡು ಸಂಖ್ಯೆಗಳನ್ನು ಇಂದೇ ಬರೆದಿಡಿ.