ಅಜ್ಜನಿಗೆ ಯಾವ ಡಾಕ್ಟರು?

ರಾತ್ರಿ ನಾಲ್ಕೈದು ಸಲ ಎದ್ದು ಬಚ್ಚಲಿಗೆ ಹೋಗುವ ಅಜ್ಜನನ್ನು ಬೆಳಿಗ್ಗೆ ಕೇಳಿದರೆ, 'ವಯಸ್ಸಾಯಿತಲ್ಲ ಮರಿ' ಎಂದುಬಿಡುತ್ತಾರೆ. ಬಸ್ಸಿನ ಪ್ರಯಾಣ ಬೇಡ, ಮದುವೆ ಮನೆಯೂ ಬೇಡ ಎನ್ನುತ್ತಾರೆ. ಕಾರಣ ಮಾತ್ರ ಹೇಳುವುದಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ. ಬಗ್ಗೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಗಂಟೆಗಟ್ಟಲೆ ಮಾತಾಡುವ ನಮಗೆ, ಮೂತ್ರದ ವಿಷಯ ಬಂದರೆ ಬಾಯಿ ಕಟ್ಟುತ್ತದೆ.

ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು ಪ್ರಾಸ್ಟೇಟ್ ಎಂಬ ಗ್ರಂಥಿ ಇದೆ. ಹರೆಯದಲ್ಲಿ ಅದು ಅಕ್ರೋಟಿನಷ್ಟು. ವಯಸ್ಸಾದಂತೆ ದೊಡ್ಡದಾಗಿ ನಾಳವನ್ನು ಒತ್ತುತ್ತದೆ. ತೋಟದ ಪೈಪನ್ನು ಕಾಲಿನಿಂದ ಮೆಟ್ಟಿದರೆ ನೀರು ಸಣ್ಣಗಾಗುವುದಿಲ್ಲವೇ ಮಕ್ಕಳೇ, ಹಾಗೆ. ಹೆಚ್ಚಿನವರಲ್ಲಿ ಇದು ಕ್ಯಾನ್ಸರ್ ಅಲ್ಲ. ಆದರೆ ಅಲ್ಲವೆಂದು ಹೇಳಬೇಕಾದವರು ಡಾಕ್ಟರು, ನಾವಲ್ಲ.

ಯಾವ ಡಾಕ್ಟರು? ನೆಫ್ರಾಲಜಿಸ್ಟ್, ಯೂರಾಲಜಿಸ್ಟ್ ಇಬ್ಬರನ್ನೂ ಜನ 'ಕಿಡ್ನಿ ಡಾಕ್ಟರು' ಎನ್ನುತ್ತಾರೆ. ಕಿಡ್ನಿಯ ಕೆಲಸ ಕುಂದಿದರೆ, ಡಯಾಲಿಸಿಸ್ ಬೇಕಾದರೆ ಮೊದಲನೆಯವರು. ಕಲ್ಲು, ಪ್ರಾಸ್ಟೇಟ್, ಮೂತ್ರಕೋಶದ ತೊಂದರೆ, ಆಪರೇಷನ್ ಇವೆಲ್ಲ ಯೂರಾಲಜಿಸ್ಟರದು. ಕೆಮ್ಮಿದರೆ ಮೂತ್ರ ಜಾರುತ್ತದೆಂದು ಸುಮ್ಮನಿರುವ ಅಜ್ಜಿಯರೂ ಇವರಿಗೆ ತೋರಿಸಬಹುದು.

ಮೊದಲು ಮನೆಯ ಡಾಕ್ಟರ ಬಳಿ ಹೋಗಿ ಮೂತ್ರ ಪರೀಕ್ಷೆ, ಸ್ಕ್ಯಾನ್ ಮಾಡಿಸಿ ಅವರಿಂದ ಚೀಟಿ ಪಡೆಯುವುದು ಒಳ್ಳೆಯದು. ಆಮೇಲೆ ಬೋರ್ಡು ಓದಿ. ಎಂ.ಬಿ.ಬಿ.ಎಸ್., ಎಂ.ಎಸ್. ಆದಮೇಲೆ ಯೂರಾಲಜಿಯಲ್ಲೇ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಮಾಡಿರಬೇಕು. ಔಷಧ ಚೀಟಿಯಲ್ಲಿ ನೋಂದಣಿ ಸಂಖ್ಯೆ ಇರಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಮೊಮ್ಮಕ್ಕಳು ಹೆಸರು ಹುಡುಕಿ ನೋಡಲಿ. ಬ್ಯಾಂಕಿನಲ್ಲಿ ಸಹಿ ತಾಳೆ ನೋಡದೆ ಚೆಕ್ ಪಾಸು ಮಾಡುತ್ತಿರಲಿಲ್ಲ. ಗುಮಾಸ್ತನಾಗಿದ್ದವನಿಗೆ ಆ ಚಾಳಿ ಬಿಡದು.

ಕಲಿಕೆಯ ಜತೆ ಕಿವಿಯೂ ಇರಬೇಕು. ಮಾತ್ರೆಯಲ್ಲೇ ವಾಸಿಯಾಗದೇ? ಈಗಲೇ ಆಪರೇಷನ್ ಮಾಡಿಸದಿದ್ದರೆ ಏನಾಗುತ್ತದೆ? ಇಂಥ ಆಪರೇಷನ್ ತಿಂಗಳಿಗೆ ಎಷ್ಟು ಮಾಡುತ್ತೀರಿ? ಒಟ್ಟು ಖರ್ಚು ಬರೆದುಕೊಡುವಿರಾ? ಇಷ್ಟಕ್ಕೇ ಸಿಡುಕುವವರಾದರೆ ನಾನಾದರೆ ಇನ್ನೊಬ್ಬರ ಅಭಿಪ್ರಾಯ ಕೇಳುತ್ತೇನೆ. 'ಲೇಸರ್' ಎಂಬ ದೊಡ್ಡ ಅಕ್ಷರಕ್ಕೆ ಮರುಳಾಗಬೇಡಿ. ಮೂತ್ರನಾಳದ ಮೂಲಕವೇ ಉಪಕರಣ ತೂರಿಸಿ, ಹೊಟ್ಟೆ ಕೊಯ್ಯದೆ ಪ್ರಾಸ್ಟೇಟ್ ಕೆರೆದು ತೆಗೆಯುವ ಟಿ.ಯು.ಆರ್.ಪಿ. ವಿಧಾನ ಹಳೆಯದಾದರೂ ಇಂದಿಗೂ ನಡೆಯುತ್ತಿದೆ. ದೂರದ ದೊಡ್ಡ ಹೆಸರಿಗಿಂತ, ಕೊಳವೆ ಹಾಕಿಸಿಕೊಂಡು ಮನೆಗೆ ಬಂದ ರಾತ್ರಿ ಅದು ಕಟ್ಟಿಕೊಂಡರೆ ಫೋನಿಗೆ ಸಿಗುವವರು ಯಾರೆಂದು ವಿಚಾರಿಸಿ. ಖರ್ಚಿನ ಚಿಂತೆಯಿದ್ದರೆ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಇದಕ್ಕೆಂದೇ ಸರ್ಕಾರಿ ನೆಫ್ರೋ-ಯೂರಾಲಜಿ ಸಂಸ್ಥೆ ಇದೆ.

ಹೋಗುವ ಮುನ್ನ 3 ದಿನ ಒಂದು ಪಟ್ಟಿ ಬರೆದಿಡಿ: ಎಷ್ಟು ಗಂಟೆಗೆ ಹೋದದ್ದು, ಅಳತೆಯ ಜಾಡಿಯಲ್ಲಿ ಎಷ್ಟು ಮಿಲಿ ಲೀಟರ್, ಕಾಫಿ-ನೀರು ಎಷ್ಟು. ಗೆರೆ ಎಳೆದು ಮನೆ ಮಾಡಿಕೊಡುವುದು ಮೊಮ್ಮಕ್ಕಳ ಕೆಲಸ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಒಯ್ಯಿರಿ. ನೆಗಡಿಗೆಂದು ಅಂಗಡಿಯಲ್ಲಿ ಕೊಂಡ ಕೆಲವು ಮಾತ್ರೆಗಳೂ ಮೂತ್ರ ಕಟ್ಟಿಸುತ್ತವೆ.

ಮೂತ್ರದಲ್ಲಿ ಒಮ್ಮೆ ರಕ್ತ ಕಂಡರೂ, ನೋವಿಲ್ಲದಿದ್ದರೂ, ತಡಮಾಡದೆ ತೋರಿಸಬೇಕು. ಮೂತ್ರ ಪೂರ್ತಿ ಕಟ್ಟಿ ಹೊಟ್ಟೆ ಉಬ್ಬಿದರೆ ಡಾಕ್ಟರನ್ನು ಆರಿಸುತ್ತ ಕೂರಬೇಡಿ. ಹತ್ತಿರದ ಆಸ್ಪತ್ರೆಗೆ ಹೊರಡಿ, ರಾತ್ರಿ 2 ಗಂಟೆಯಾದರೂ ಮಗನನ್ನು ಎಬ್ಬಿಸಿ.