ಎಂಜಿನ್ ಇಲ್ಲದೆ ಓಡುವ ಲೋಕಲ್

ಮುಂಬಯಿಯ ಲೋಕಲ್ ರೈಲಿಗೆ ಪ್ರತ್ಯೇಕ ಎಂಜಿನ್ ಇಲ್ಲ. ಮುಂದಿನ ಬೋಗಿಯ ತುದಿಯಲ್ಲಿ ಪುಟ್ಟ ಕೋಣೆಯೊಂದರಲ್ಲಿ ಮೋಟರ್‌ಮನ್ ಇರುತ್ತಾರೆ. ಅವರ ಬೆನ್ನ ಹಿಂದಿನ ಗೋಡೆಯಾಚೆಗೇ ಪ್ರಯಾಣಿಕರು ನಿಂತಿರುತ್ತಾರೆ. ರೈಲನ್ನು ಓಡಿಸುವ ಮೋಟಾರುಗಳು ಪ್ರಯಾಣಿಕರ ಕಾಲಡಿಯಲ್ಲಿ, ರೈಲಿನ ಕೆಲವು ಬೋಗಿಗಳ ತಳದಲ್ಲಿ, ಚಕ್ರದ ಅಚ್ಚುಗಳಿಗೆ ಹೊಂದಿಕೊಂಡು ಕೂತಿವೆ. ಊರೊಳಗಿನ ರೈಲು ಪ್ರಯಾಣವನ್ನೇ ಬದಲಿಸಿದ ಏರ್ಪಾಡು ಇದು.

ಉಗಿ ಎಂಜಿನ್‌ಗೆ ಎದುರಾದ ತೊಡಕು

ದೂರದೂರಿಗೆ ಹೋಗುವ ರೈಲು ಒಮ್ಮೆ ವೇಗ ಹಿಡಿದರೆ ಗಂಟೆಗಟ್ಟಲೆ ಓಡುತ್ತದೆ. ಉಪನಗರದ ರೈಲಿಗೆ ಆ ಅನುಕೂಲವಿಲ್ಲ. ಒಂದೆರಡು ಕಿಲೋಮೀಟರಿಗೊಂದು ನಿಲ್ದಾಣ; ವೇಗ ಹಿಡಿಯುವಷ್ಟರಲ್ಲಿ ಬ್ರೇಕ್ ಹಾಕಬೇಕು. ನಿಂತಲ್ಲಿಂದ ಬೇಗ ಹೊರಡಲು ಚಕ್ರಕ್ಕೆ ಹಳಿಯ ಮೇಲೆ ಬಲವಾದ ಹಿಡಿತ ಬೇಕು. ಉಕ್ಕಿನ ಚಕ್ರ, ಉಕ್ಕಿನ ಹಳಿ: ಇವೆರಡರ ನಡುವಿನ ಹಿಡಿತ ಚಕ್ರದ ಮೇಲೆ ಬಿದ್ದ ಭಾರವನ್ನು ಅವಲಂಬಿಸಿದೆ. ಎಂಜಿನ್ ಎಳೆಯುವ ರೈಲಿನಲ್ಲಿ ಎಂಜಿನ್ನಿನ ಚಾಲಕ ಚಕ್ರಗಳ ಮೇಲಿನ ಭಾರವಷ್ಟೇ ಈ ಕೆಲಸಕ್ಕೆ ಬರುತ್ತದೆ. ಬೋಗಿಗಳ ಭಾರವೆಲ್ಲ ಬರೀ ಹೊರೆ.

ಇನ್ನೊಂದು ತೊಡಕು ಕೊನೆಯ ನಿಲ್ದಾಣದ್ದು. ಅಲ್ಲಿ ಎಂಜಿನ್ ಕಳಚಿ, ಪಕ್ಕದ ಹಳಿಯಲ್ಲಿ ಸುತ್ತಿಸಿ, ಇನ್ನೊಂದು ತುದಿಗೆ ಜೋಡಿಸಬೇಕು. ಕಚೇರಿ ಬಿಡುವ ಹೊತ್ತಿಗೆ ಪ್ಲಾಟ್‌ಫಾರಂ ತುಂಬ ಜನ ಕಾಯುತ್ತಿರುವಾಗ ಹಳಿಗಳು ಈ ಓಡಾಟಕ್ಕೇ ಮೀಸಲಾಗುತ್ತಿದ್ದವು.

ಬೋಗಿಯೊಳಗೇ ಎಂಜಿನ್

ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆ 1903ರ ಅಕ್ಟೋಬರಿನಲ್ಲಿ ಸ್ಟೋನ್‌ಹೌಸ್ ಮತ್ತು ಚಾಲ್ಫರ್ಡ್ ನಡುವೆ ಒಂದು ಪರಿಹಾರವನ್ನು ಓಡಿಸಿ ನೋಡಿತು. ಪ್ರಯಾಣಿಕರ ಬೋಗಿಯ ಒಂದು ತುದಿಯಲ್ಲೇ ಪುಟ್ಟ ಉಗಿ ಬಾಯ್ಲರ್, ಎರಡೂ ತುದಿಗಳಿಂದ ಚಾಲನೆ ಮಾಡುವ ವ್ಯವಸ್ಥೆ. ಎಂಜಿನ್ ಸುತ್ತಿಸುವ ಕೆಲಸವೇನೋ ತಪ್ಪಿತು. ಆದರೆ ಜನ ಹೆಚ್ಚಾದಾಗ ಇನ್ನಷ್ಟು ಬೋಗಿ ಎಳೆಯುವ ಶಕ್ತಿ ಅದಕ್ಕಿರಲಿಲ್ಲ. ಬಾಯ್ಲರ್ ದುರಸ್ತಿಗೆ ನಿಂತರೆ ಬೋಗಿಯೂ ಶೆಡ್ಡಿನಲ್ಲೇ ನಿಲ್ಲಬೇಕಿತ್ತು. ಅದೇ ವರ್ಷ ನಾರ್ತ್ ಈಸ್ಟರ್ನ್ ರೈಲ್ವೆ ಪೆಟ್ರೋಲ್ ಎಂಜಿನ್ನಿನಿಂದ ವಿದ್ಯುತ್ ಉತ್ಪಾದಿಸಿ ಮೋಟಾರು ತಿರುಗಿಸುವ ಬೋಗಿಗಳನ್ನು ಕಟ್ಟಿತು. ಮುಂದಿನ ಡೀಸೆಲ್-ಎಲೆಕ್ಟ್ರಿಕ್ ರೈಲುಗಳ ಮೂಲತತ್ವ ಅದರಲ್ಲೇ ಇತ್ತು.

ತೆಳು ತಂತಿಯ ಆಜ್ಞೆ

ಗಟ್ಟಿ ಉತ್ತರ ಇದಕ್ಕೂ ಮೊದಲೇ ಅಮೆರಿಕದಲ್ಲಿ ಸಿಕ್ಕಿತ್ತು. ವಿದ್ಯುತ್ ಟ್ರಾಮ್ ಮತ್ತು ಲಿಫ್ಟ್‌ಗಳಲ್ಲಿ ಪಳಗಿದ್ದ ಎಂಜಿನಿಯರ್ ಫ್ರಾಂಕ್ ಸ್ಪ್ರೇಗ್, 1897ರಲ್ಲಿ ಷಿಕಾಗೋದ ಸೌತ್ ಸೈಡ್ ಎಲಿವೇಟೆಡ್ ರೈಲ್ವೆಗಾಗಿ ಹಲವು ಬೋಗಿಗಳ ಮೋಟಾರುಗಳನ್ನು ಒಬ್ಬನೇ ಚಾಲಕ ನಿಯಂತ್ರಿಸುವ ವಿಧಾನ ರೂಪಿಸಿದ.

ಬೋಗಿಗಳಿಗೆ ಮೋಟಾರು ಜೋಡಿಸುವುದು ಆಗಲೇ ಗೊತ್ತಿದ್ದ ಕೆಲಸ. ಅವೆಲ್ಲ ಏಕಕಾಲಕ್ಕೆ, ಒಂದೇ ಹದದಲ್ಲಿ ಕೆಲಸ ಮಾಡುವಂತೆ ನೋಡಿಕೊಳ್ಳುವುದೇ ಕಷ್ಟ. ತೇರು ಎಳೆಯುವಾಗ ಒಬ್ಬ ಕೂಗು ಹಾಕಿದರೆ ನೂರು ಕೈ ಒಟ್ಟಿಗೆ ಹಗ್ಗ ಜಗ್ಗುತ್ತವಲ್ಲ, ಹಾಗೆ ಇಲ್ಲೂ ಒಂದು ಕೂಗು ಬೇಕಿತ್ತು. ರೈಲಿನುದ್ದಕ್ಕೂ ಎಳೆದ ತೆಳುವಾದ ನಿಯಂತ್ರಣ ತಂತಿಗಳು ಆ ಕೆಲಸ ಮಾಡುತ್ತವೆ. ಚಾಲಕ ಹಿಡಿ ತಿರುಗಿಸಿದಾಗ ಈ ತಂತಿಗಳಲ್ಲಿ ಸಣ್ಣ ಪ್ರಮಾಣದ ವಿದ್ಯುತ್ ಹರಿದು, ಪ್ರತಿ ಮೋಟಾರ್ ಬೋಗಿಯ ಕೆಳಗಿನ ದೊಡ್ಡ ಸ್ವಿಚ್ಚುಗಳನ್ನು ಚಾಲೂ ಮಾಡುತ್ತದೆ. ಮೋಟಾರು ತಿರುಗಿಸುವ ಭಾರೀ ವಿದ್ಯುತ್ತು ಚಾಲಕನ ಕೈಯ ಹಿಡಿಯವರೆಗೆ ಬರುವುದೇ ಇಲ್ಲ.

ನಿಂತ ರೈಲು ಹೊರಡುವ ಬಗೆ

ನಿಂತಿರುವ ಡಿಸಿ (ಏಕಮುಖ ವಿದ್ಯುತ್ತಿನ) ಮೋಟಾರಿಗೆ ನೇರವಾಗಿ ಪೂರ್ತಿ ವಿದ್ಯುತ್ ಕೊಟ್ಟರೆ ಅದು ಸುಟ್ಟುಹೋಗುವ ಅಪಾಯವಿದೆ. ತಿರುಗುವ ಮೋಟಾರು ತನ್ನಲ್ಲೇ ಎದುರು ವೋಲ್ಟೇಜ್ ಹುಟ್ಟಿಸಿಕೊಂಡು ವಿದ್ಯುತ್ತಿನ ಹರಿವನ್ನು ತಡೆಯುತ್ತದೆ; ನಿಂತ ಮೋಟಾರಿಗೆ ಆ ತಡೆ ಇರುವುದಿಲ್ಲ. ಆದ್ದರಿಂದ ಮೊದಲಿಗೆ ಮೋಟಾರುಗಳನ್ನು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿ, ದಾರಿಯಲ್ಲಿ ವಿದ್ಯುತ್ತಿನ ಹರಿವನ್ನು ತಗ್ಗಿಸುವ ರೆಸಿಸ್ಟರ್‌ಗಳನ್ನೂ ಇಡುತ್ತಾರೆ. ವೇಗ ಏರಿದಂತೆ ರೆಸಿಸ್ಟರ್‌ಗಳು ಒಂದೊಂದಾಗಿ ಕಳಚುತ್ತವೆ. ಬಳಿಕ ಮೋಟಾರುಗಳು ಸಮಾಂತರ ಜೋಡಣೆಗೆ ಬದಲಾಗಿ ಪೂರ್ತಿ ವೋಲ್ಟೇಜ್ ಪಡೆಯುತ್ತವೆ. ವಿದ್ಯುತ್ತಿನ ಹರಿವು ಮಿತಿಯೊಳಗೆ ಇಳಿಯುವವರೆಗೆ ಮುಂದಿನ ಮೆಟ್ಟಿಲಿಗೆ ಹೋಗದಂತೆ ಒಂದು ರಿಲೇ ತಡೆಯುತ್ತದೆ. ಹಳೆಯ ಡಿಸಿ ಲೋಕಲ್‌ನಲ್ಲಿ ಓಡಾಡಿದವರಿಗೆ ರೈಲು ಹೊರಡುವಾಗ ನೆಲದಡಿಯಿಂದ ಬರುತ್ತಿದ್ದ ಟಕ್ ಟಕ್ ಸದ್ದು ನೆನಪಿರಬಹುದು. ಅದು ಈ ಸ್ವಿಚ್ಚುಗಳು ಬದಲಾಗುವ ಸದ್ದು.

ಚಾಲಕನ ಹಿಡಿಯಲ್ಲಿ ಇನ್ನೊಂದು ಭದ್ರತೆಯೂ ಸೇರಿತು. ಓಡುವಾಗ ಅದನ್ನು ಒತ್ತಿ ಹಿಡಿದಿರಬೇಕು. ಅವರಿಗೆ ಪ್ರಜ್ಞೆ ತಪ್ಪಿ ಕೈ ಸಡಿಲವಾದರೆ ವಿದ್ಯುತ್ ಕಡಿದು ಬ್ರೇಕ್ ಬೀಳುತ್ತದೆ.

ಮುಂಬಯಿಗೆ ಬಂದದ್ದು

ಭಾರತದ ಮೊದಲ ವಿದ್ಯುತ್ ರೈಲು 1925ರ ಫೆಬ್ರುವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಹಾರ್ಬರ್ ಮಾರ್ಗದಲ್ಲಿ ಓಡಿತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ರೈಲ್ವೆಯ ಈ ನಾಲ್ಕು ಬೋಗಿಗಳ ರೈಲಿಗೆ ಮೇಲಿನ ತಂತಿಯಿಂದ 1500 ವೋಲ್ಟ್ ಡಿಸಿ ವಿದ್ಯುತ್ ಸಿಗುತ್ತಿತ್ತು. 1928ರಲ್ಲಿ ಮುಂಬಯಿಯ ಇನ್ನೊಂದು ಮಾರ್ಗದಲ್ಲಿ ಬೊರಿವಲಿಯವರೆಗೆ, 1931ರಲ್ಲಿ ಮದರಾಸಿನ ಬೀಚ್–ತಾಂಬರಂ ನಡುವೆ ಇಂಥ ರೈಲುಗಳು ಬಂದವು. ಕರಾವಳಿಯಿಂದ ಹೋಗಿ ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರು, ತುಳುವರು ತಲೆಮಾರುಗಳಿಂದ ನೆಚ್ಚಿಕೊಂಡಿರುವುದು ಈ ಲೋಕಲ್‌ಗಳನ್ನೇ.

ಈ ಏರ್ಪಾಡಿನ ದೊಡ್ಡ ಗುಣ ಬೇಡಿಕೆಗೆ ತಕ್ಕಂತೆ ಬೆಳೆಯುವುದು. ಇನ್ನೊಂದು ಘಟಕ ಜೋಡಿಸಿದರೆ ಹೊರೆಯ ಜೊತೆಗೆ ಎಳೆಯುವ ಬಲವೂ ಬರುತ್ತದೆ. ಮೋಟಾರ್ ಬೋಗಿಯಲ್ಲಿ ನಿಂತ ಪ್ರಯಾಣಿಕರ ಭಾರವೂ ಚಕ್ರದ ಹಿಡಿತವನ್ನು ಹೆಚ್ಚಿಸುತ್ತದೆ. ಕೊನೆಯ ನಿಲ್ದಾಣದಲ್ಲಿ ಎರಡೂ ತುದಿಗಳಲ್ಲಿ ಚಾಲಕರ ಕೋಣೆ ಸಿದ್ಧವಿರುವುದರಿಂದ ರೈಲು ಬಂದ ದಾರಿಯಲ್ಲೇ ಮರಳುತ್ತದೆ.

ಮುಂಬಯಿಯ ಲೋಕಲ್ ಮಾರ್ಗಗಳು 2016ರ ಹೊತ್ತಿಗೆ ಪೂರ್ತಿಯಾಗಿ 25,000 ವೋಲ್ಟ್ ಎಸಿಗೆ ಬದಲಾದವು. ರೆಸಿಸ್ಟರ್‌ಗಳ ಕೆಲಸವನ್ನು ಈಗ ಎಲೆಕ್ಟ್ರಾನಿಕ್ಸ್ ಮಾಡುತ್ತದೆ. ಆದರೆ ಬೆಂಗಳೂರಿನ ನಮ್ಮ ಮೆಟ್ರೋ ಆಗಲಿ, ಸುತ್ತಲ ಊರುಗಳಿಗೆ ಓಡುವ ಮೆಮು ವಿದ್ಯುತ್ ರೈಲು ಆಗಲಿ, ಮೋಟಾರುಗಳನ್ನು ಬೋಗಿಗಳಿಗೆ ಹಂಚಿ ಒಂದೇ ಕಡೆಯಿಂದ ಆಳುವ ತತ್ವವನ್ನೇ ಅನುಸರಿಸುತ್ತವೆ. ಹಾಗಾಗಿ ನಮ್ಮೂರಿಗೆ ಉಪನಗರ ರೈಲು ಬೇಕೆಂದು ಕೇಳುವಾಗ ಗರಿಷ್ಠ ವೇಗದ ಅಂಕಿಗೆ ಮರುಳಾಗಬೇಕಿಲ್ಲ. ನಿಂತಲ್ಲಿಂದ ಎಷ್ಟು ಬೇಗ ವೇಗ ಹಿಡಿಯುತ್ತದೆ, ಕೊನೆಯ ನಿಲ್ದಾಣದಿಂದ ಎಷ್ಟು ಬೇಗ ಮರಳುತ್ತದೆ, ಎಷ್ಟು ನಿಮಿಷಕ್ಕೊಂದು ಬರುತ್ತದೆ ಎಂದು ಕೇಳಬೇಕು. ದಿನವೂ ಕೆಲಸಕ್ಕೆ ಹೋಗಿ ಬರುವವರ ಸಮಯ ಉಳಿಯುವುದು ಅದರಿಂದಲೇ.